ಎಡಕ್ಕೆ ಬಿದ್ದ ಕಣಗಲ

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಕಾಕಾ, ಹೂ ಹಚ್ಚೂದು ಹ್ಯಾಂಗ?" ಅಭಿಷೇಕ ಹೇಗೆ, ಅಲಂಕಾರ ಹೇಗೆ, ಯಾವ ಹೂವು ಯಾವ ದೇವರಿಗೆ, ಅದ್ಯಾವುದೂ ಅವರಿಗೆ ಬೇಕಿಲ್ಲ. ಜನ ಗುಡಿಗೆ ಬರುವುದೇ ಹೂ ಕೇಳಲು ಎಂದಮೇಲೆ ಅವರದಾದರೂ ಏನು ತಪ್ಪು. ನಮ್ಮ ಊರ ಹನಮಪ್ಪನ ಗುಡಿಗೆ ಸಮಿತಿಯವರು ಈಗ ಹೊಸ ಪೂಜಾರಿಯನ್ನು ಇಟ್ಟಿದ್ದಾರೆ. ಓದಿದವನು, ಮಂತ್ರ ಸ್ಪಷ್ಟವಾಗಿ ಹೇಳುತ್ತಾನೆ. ಅವನೂ ಬಂದು ಅದನ್ನೇ ಕೇಳಿದ. ಬಾಯಿಮಾತಿನಲ್ಲಿ ಹೇಳಹೋದರೆ ನನಗೆ ಸಿಟ್ಟು ಬಂದು ಅರ್ಧಕ್ಕೇ ಎದ್ದುಬಿಡುತ್ತೇನೆ. ಬರೆದುಕೊಡುತ್ತೇನೆ ತಗೋ ಎಂದೆ. ಓದಿದ ಮೇಲೆ ಹೂ ಹಚ್ಚುವುದು, ಬಿಡುವುದು ಅವನಿಗೆ ಬಿಟ್ಟದ್ದು.

ನಾವು ಹೂಗಾರರು. ರಾಯಬಾಗ ತಾಲೂಕಿನ ಹೊಳೆದಂಡೆಯ ಊರು. ಸಂತೆಗೆ ಹಾರೂಗೇರಿ, ಕೋರ್ಟಿಗೆ ಚಿಕ್ಕೋಡಿ, ಜಡ್ಡಾದರೆ ಮೀರಜದ ದವಾಖಾನೆ. ಮನೆಮನೆಗೆ ಹೂವು ಪತ್ರಿ ಕೊಡುವುದು, ಗುಡಿಯ ಪೂಜೆ ಮಾಡುವುದು ನಮ್ಮ ಮನೆತನಕ್ಕೆ ಬಂದದ್ದು. ನಾನು ಎಂಟನೆಯ ಇಯತ್ತೆ ಮುಗಿಸಿ, ಸಾಲೆ ಬಿಟ್ಟು ಹೂವಿನ ಬುಟ್ಟಿ ಹಿಡಿದೆ. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅಪ್ಪನ ಜೊತೆ ಗರ್ಭಗುಡಿಯಲ್ಲಿ ನಿಲ್ಲುತ್ತಿದ್ದೆ.

ಅಪ್ಪ ಕಲಿಸಿದ್ದು ಹೂವು ಹರಿಯುವುದರಿಂದ. ಹೊತ್ತು ಹುಟ್ಟುವ ಮೊದಲೇ ಹೋಗಬೇಕು. ಉಗುರು ತಾಗಿಸಬಾರದು. ಮೂಸಬಾರದು, ಮೂಸಿದರೆ ಅದು ದೇವರಿಗೆ ಎಂಜಲು. ನೆಲಕ್ಕೆ ಬಿದ್ದದ್ದನ್ನು ಎತ್ತಬಾರದು, ಪಾರಿಜಾತ ಒಂದನ್ನು ಬಿಟ್ಟು. ಅದು ತಾನಾಗಿ ಉದುರುವ ಹೂವು, ಅದಕ್ಕೆ ಮಾಫಿ. ಎಕ್ಕಿ ಹೂವಿನ ಹಾಲು ವಿಷ, ಅದು ಬೆಳೆಯುವುದು ತಿಪ್ಪೆಯ ಬದಿಗೆ, ಯಾರೂ ಮುಡಿಯುವುದಿಲ್ಲ. ಯಾರಿಗೂ ಬೇಡವಾದದ್ದನ್ನು ಹನಮಪ್ಪ ಶನಿವಾರ ಕೊರಳಿಗೆ ಹಾಕಿಕೊಳ್ಳುತ್ತಾನೆ. ತುಂಬಿ ಹೂವು ಎಲ್ಲಕ್ಕಿಂತ ಸಣ್ಣದು, ಶಿವನ ತಲೆಯ ಮೇಲೆ ಅದಕ್ಕೇ ಮೊದಲ ಜಾಗ. ದಾಸವಾಳ ಗಣಪತಿಗೆ, ಮಲ್ಲಿಗೆ ಮದುವೆಗೆ. ವಾಸನೆಯಿಲ್ಲದ ಕನಕಾಂಬರ ನೋಡಲು ಚಂದ. ಗಡಿಯಾಚೆಯವರು ಅದನ್ನು ಅಬೋಲಿ ಎನ್ನುತ್ತಾರೆ, ಮಾತಾಡದವಳು ಎಂದು. ಇದನ್ನೆಲ್ಲ ಅಪ್ಪ ಪಾಠ ಹೇಳಿದ ಹಾಗೆ ಹೇಳಿದವನಲ್ಲ. ತಪ್ಪು ಮಾಡಿದಾಗ ಬೆನ್ನಿಗೊಂದು ಬಿಟ್ಟು ಹೇಳುತ್ತಿದ್ದ.

ಒಮ್ಮೆ ಹೊಳೆಯಾಚೆಯಿಂದ ಯಾರೋ ಕೇದಿಗೆ ತಂದುಕೊಟ್ಟರು. ಎಂಥ ಘಮ! ಹನಮಪ್ಪನ ಪಕ್ಕದ ಸಣ್ಣ ಲಿಂಗದ ಮೇಲೆ ಇಟ್ಟೆ. ಅಪ್ಪ ನೋಡಿದವನೇ ನನ್ನ ಕಿವಿ ಹಿಂಡಿ ಹೊರಗೆ ಎಳೆದ. ಶಿವನ ತಲೆಯ ತುದಿ ಕಂಡೆನೆಂದು ಬ್ರಹ್ಮ ಸುಳ್ಳು ಹೇಳಿದಾಗ, ಹೌದು ನಾನೂ ನೋಡಿದೆ ಎಂದು ಸಾಕ್ಷಿ ಹೇಳಿದ್ದು ಕೇದಿಗೆಯಂತೆ. ಅಂದಿನಿಂದ ಅದಕ್ಕೆ ಶಿವನ ಹತ್ತಿರ ಜಾಗವಿಲ್ಲ. "ಸುಳ್ಳ ಸಾಕ್ಷಿ ಹೇಳಿದ ಹೂ ಅದು. ಎಷ್ಟ ಘಮಘಮ ಅಂದ್ರೇನಲೇ, ಒಳಗ ತರಬ್ಯಾಡ" ಎಂದ. ಏಳು ಕೊಡ ನೀರು ತಂದು ಲಿಂಗ ತೊಳೆದೆ.

ಇನ್ನೊಂದು ತಪ್ಪು ಪಾಟೀಲರ ಮನೆಯಲ್ಲಿ ಆಯಿತು. ಪಾಟೀಲರು ಜೈನರು, ನೂರಾರು ವರ್ಷಗಳಿಂದ ನಮ್ಮ ಊರಿನವರು. ಊರಿನ ಹಿರಿಯರೆಂದು ಹನಮಪ್ಪನ ಗುಡಿಯ ಸಮಿತಿಗೂ ಅವರೇ ಮುಖ್ಯಸ್ಥರು, ಹಾಗಾಗಿ ನನಗೆ ಮೇಲಧಿಕಾರಿ ಎಂದರೆ ಅವರೇ. ಅವರನ್ನು ಒಲಿಸಿಕೊಳ್ಳಲು ಪರ್ವದ ದಿನ ಒಂದು ಬುಟ್ಟಿ ಹೂವು ಒಯ್ದೆ. ಅವರ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದ ಮುದುಕಿ, ಬುಟ್ಟಿಯನ್ನು ಮುಟ್ಟಲಿಲ್ಲ.

"ನಾವ ಹೂ ಹರದ ಏರ್ಸಾಂಗಿಲ್ಲಪಾ. ಅದಕ್ಕೂ ಜೀವ ಐತಿ" ಎಂದು ಒಳಗಿಂದ ಒಂದು ತಾಟು ತಂದು ತೋರಿಸಿದಳು. ಕೇಸರಿ ಹಚ್ಚಿ ಒಣಗಿಸಿದ ಅಕ್ಕಿ. "ಇದ ನಮ್ಮ ಹೂ."

"ಅಕ್ಕಿ ಹೂ ಹ್ಯಾಂಗ ಆಕ್ಕೈತ್ರಿ ಆಯಿ?"

"ಹೂ ಅಂತ ತಿಳದ ಏರ್ಸಿದ್ರ ಹೂನ. ನಾವ ಏನ ಅಂತೀವೋ ಅದು."

ಎಲ್ಲ ಜೈನರ ಮನೆಯಲ್ಲಿ ಹಾಗಿಲ್ಲ, ಹೂವು ಏರಿಸುವವರೂ ಇದ್ದಾರೆ. ಆ ಮನೆಯಲ್ಲಿ ಇರಲಿಲ್ಲ. ನಾನು ಮನೆಗೆ ಬಂದು ನಕ್ಕೆ. ಅಪ್ಪ ನಗಲಿಲ್ಲ, "ಆಯಿ ಖರೇ ಹೇಳ್ಯಾಳ" ಎಂದ.

ಈಗ ಹೂ ಹಚ್ಚುವುದಕ್ಕೆ ಬರುತ್ತೇನೆ.

ನಮ್ಮ ಹನಮಪ್ಪನದು ಆಳೆತ್ತರದ ಕಲ್ಲು. ಮೈತುಂಬ ಎಣ್ಣೆ ಸಿಂಧೂರ. ಏನಾದರೂ ಕೇಳಬೇಕಾದವರು ಶನಿವಾರ ಸ್ನಾನ ಮಾಡಿ ಬಂದು ಎದುರು ಕುಳಿತುಕೊಳ್ಳುತ್ತಾರೆ. ಪೂಜಾರಿ ದೇವರ ಎರಡು ಭುಜದ ಮೇಲೆ ಒಂದೊಂದು ಹೂವು ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಬೇಡ. ಎರಡೂ ಬೀಳದಿದ್ದರೆ ದೇವರಿಗೆ ಮಾತಾಡುವ ಮನಸ್ಸಿಲ್ಲ, ಮುಂದಿನ ಶನಿವಾರ ಬಾ. ಹೂವು ಬೀಳುವವರೆಗೆ ಯಾರೂ ಎದ್ದು ಹೋಗುವ ಹಾಗಿಲ್ಲ. ಅಪ್ಪ ಇದಕ್ಕೆ ಇಡುತ್ತಿದ್ದದ್ದು ಕಣಗಲ ಹೂವು. ಗುಡಿಯ ಹಿಂದೆಯೇ ನಾಲ್ಕು ಗಿಡ ಇದ್ದವು. ವರ್ಷಪೂರ್ತಿ ಬಿಡುತ್ತದೆ, ಹಗುರ, ದನ ಬಾಯಿ ಹಾಕುವುದಿಲ್ಲ. ಯಾರ ಬಾಯಿಗೂ ಹೋಗದ ಹೂವು ಯಾರ ಪರವಾಗಿಯೂ ಮಾತಾಡುವುದಿಲ್ಲ ಎಂದು ಅಪ್ಪ ನಂಬಿದ್ದ.

ನಾನು ಮೊಟ್ಟಮೊದಲು ಒಬ್ಬನೇ ಹೂ ಹಚ್ಚಿದ ದಿನವೇ ಎಡವಟ್ಟಾಯಿತು. ಅಪ್ಪ ಬೇರೆ ಊರಿಗೆ ಹೋಗಿದ್ದ. ಒಬ್ಬ ರೈತ ಚಿಕ್ಕೋಡಿಯ ದನದ ಸಂತೆಯಲ್ಲಿ ಎತ್ತು ನೋಡಿ ಬಂದಿದ್ದ, ತರಲೋ ಬೇಡವೋ ಎಂದು ಕೇಳಿದ. ಹೂವು ಬಿತ್ತು. ನಾನು ಜೋರಾಗಿ "ಬಲಕ್ಕ ಬಿತ್ತು, ಹೊಡಕೊಂಡ ಬಾ" ಎಂದೆ. ಅವನು ಎತ್ತು ತಂದ. ಅದು ಮೂರನೆಯ ದಿನ ಸಾಲಿನಲ್ಲೇ ಮಲಗಿತು, ಬಾಲ ಮುರಿದರೂ ಏಳಲಿಲ್ಲ. ಅವನು ಅದನ್ನು ಎಳೆದು ತಂದು ಗುಡಿಯ ಮುಂದೆ ಕಟ್ಟಿ, ಅಪ್ಪನೆದುರು ನನ್ನ ವಂಶವನ್ನೆಲ್ಲ ಜಾಲಾಡಿದ. ಯಾವ ಕಡೆ ಬಿತ್ತು ತೋರಿಸು ಎಂದು ಅಪ್ಪ ಕೇಳಿದ. ತೋರಿಸಿದೆ. ಹಣೆ ಬಡಿದುಕೊಂಡ.

"ಲೇ ಬಸ್ಯಾ, ಅದು ನಿನ್ನ ಬಲಾ. ದೇವರ ಬಲಾ ಅಂದ್ರ ನಿನ್ನ ಎಡಾ. ಆಂವಾ ನಿನ್ನ ಕಡೆ ಮಾರಿ ಮಾಡಿ ನಿಂತಾನೋ ಇಲ್ಲೋ, ಕತ್ತಿ?"

ಊರವರು ತಿಂಗಳುಗಟ್ಟಲೆ ನನಗೆ "ಬಲಕ್ಕ ಬಿತ್ತೇನೋ?" ಎಂದು ಕೇಳಿ ನಗುತ್ತಿದ್ದರು. ಹೊಸಬರಿಗೆ ಇದೊಂದನ್ನು ಮೊದಲೇ ಹೇಳುತ್ತೇನೆ. ಈ ಬರಹದಲ್ಲಿ ಇನ್ನು ಮುಂದೆ ಬಲ ಎಂದರೆ ದೇವರ ಬಲ.

ಹತ್ತಾರು ವರ್ಷ ದಿನವೂ ನೋಡಿದವನಿಗೆ ಹೂವು ಯಾಕೆ ಬೀಳುತ್ತದೆ ಎಂದು ತಿಳಿಯದೇ ಇರುತ್ತದೆಯೇ? ಎಣ್ಣೆ ಹೆಚ್ಚಾದರೆ ಜಾರುತ್ತದೆ. ಸಿಂಧೂರ ಒಣಗಿದ್ದರೆ ಹಿಡಿಯುತ್ತದೆ. ತೊಟ್ಟು ಚಿವುಟಿದರೆ ಒಂದು ರೀತಿ, ಬಿಟ್ಟರೆ ಇನ್ನೊಂದು ರೀತಿ. ದೀಪದ ಬಿಸಿ ಯಾವ ಕಡೆ ಹೆಚ್ಚೋ ಆ ಕಡೆಯದು ಬೇಗ ಬಾಡುತ್ತದೆ. ಅಪ್ಪನಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಅವನು ಎರಡೂ ಭುಜ ಒರೆಸಿ, ಒಂದೇ ಅಳತೆಯ ಸಿಂಧೂರ ಹಚ್ಚಿ, ಹೂವನ್ನು ಇಟ್ಟ ಮೇಲೆ ಕೈ ಹಿಂದೆ ಕಟ್ಟಿಕೊಂಡು ದೂರ ನಿಲ್ಲುತ್ತಿದ್ದ. "ಇಟ್ಟ ಮ್ಯಾಲ ಕೈ ಹಚ್ಚಬ್ಯಾಡ. ಮುಂದಿಂದು ನಿಂದಲ್ಲ" ಎನ್ನುತ್ತಿದ್ದ. ಸಾಯುವವರೆಗೂ ಹಾಗೆಯೇ ನಡೆದ.

ಅಪ್ಪ ಸತ್ತ ವರ್ಷವೇ, ಪಂಚಮಿಯ ಮುಂದೆ, ಬೀರಪ್ಪ ಬಂದ. ಕುರಿ ಕಾಯುವವನು. ಅವನ ಕಾಲ್ಬೆರಳಿನ ಗಾಯ ಕಪ್ಪಾಗಿ, ಗುಡಿಯ ಅಂಗಳದ ತನಕ ನಾರುತ್ತಿತ್ತು. ಮೀರಜ ದವಾಖಾನೆಗೆ ಹೋಗಲೋ ಬೇಡವೋ ಎಂದು ಕೇಳಲು ಬಂದಿದ್ದ. ಹೋದರೆ ಕಾಲು ಕಡಿಯುತ್ತಾರೆಂದು ಹೆದರಿಕೆ. ಪಂಚಮಿಗೆಂದು ತವರಿಗೆ ಬಂದಿದ್ದ ನನ್ನ ತಂಗಿ ಗಂಗವ್ವ ಕಂಬಕ್ಕೆ ಒರಗಿ ಎಕ್ಕಿಯ ಮಾಲೆ ಕಟ್ಟುತ್ತಿದ್ದಳು. ಹೂ ಹಚ್ಚಿದೆ. ಗಂಟೆಯಾಯಿತು, ಎರಡು ಗಂಟೆಯಾಯಿತು. ಯಾವುದೂ ಬೀಳಲೊಲ್ಲದು. ಆಮೇಲೆ ಎಡಗಡೆಯ ಹೂವು ಸ್ವಲ್ಪ ಬಾಗಿದಂತೆ ಕಂಡಿತು. ಅದು ಬಿದ್ದರೆ ಈ ಮನುಷ್ಯ ಮನೆಗೆ ಹೋಗಿ ಸಾಯುತ್ತಾನೆ. ದೀಪಕ್ಕೆ ಎಣ್ಣೆ ಹಾಕುವ ನೆವ ಮಾಡಿ ಒಳಗೆ ಹೋದೆ, ಬಲಗಡೆಯ ಹೂವಿನ ಬುಡವನ್ನು ಹೆಬ್ಬೆರಳಿನಿಂದ ತುಸು ಸಡಿಲಿಸಿದೆ. ನಾನು ಹಿಂದಕ್ಕೆ ಸರಿಯುವಷ್ಟರಲ್ಲಿ ಬಿತ್ತು.

"ಬಲಕ್ಕ ಆತು ಬೀರಪ್ಪಾ. ಇವತ್ತ ಹೋಗು, ನಾಳೆ ಅನಬ್ಯಾಡ" ಎಂದೆ.

ಪಾದ ಕಡಿದರು. ಮನುಷ್ಯ ಉಳಿದ. ದೀಪಾವಳಿಗೆ ಬಡಿಗೆ ಊರುತ್ತ ಬಂದು ನನ್ನ ಕಾಲಿಗೆ ಬಿದ್ದ, "ಹನಮಪ್ಪ ಹೇಳಿದ್ದಕ್ಕ ಉಳದೆ" ಎಂದು ಅತ್ತ. ನನಗೂ ಅಳು ಬಂತು. ಅಪ್ಪನ ಮಾತು ಮೀರಿದೆ ಎಂಬ ಅಂಜಿಕೆ ಒಂದು ಕಡೆ, ಒಂದು ಜೀವ ಉಳಿಸಿದೆ ಎಂಬ ಹಮ್ಮು ಒಂದು ಕಡೆ. ಹಮ್ಮು ಗೆದ್ದಿತು.

ಅಲ್ಲಿಂದ ಮುಂದೆ ದವಾಖಾನೆಯ ಪ್ರಶ್ನೆಗಳೆಲ್ಲ ಬಲಕ್ಕೇ ಬಿದ್ದವು. ಹುಡುಗಿಯ ಸಾಲೆ ಬಿಡಿಸಲೇ ಎಂದರೆ ಎಡಕ್ಕೆ. ಕುಡುಕನಿಗೆ ಹೆಣ್ಣು ಕೊಡಲೇ ಎಂದರೆ ಎಡಕ್ಕೆ. ಎತ್ತು, ಎಮ್ಮೆ, ಕೊಳವೆಬಾವಿಯ ಪ್ರಶ್ನೆಗಳನ್ನು ಮಾತ್ರ ದೇವರಿಗೇ ಬಿಟ್ಟಿದ್ದೆ, ಅವು ನನಗೆ ತಿಳಿಯುತ್ತಿರಲಿಲ್ಲ. ನಿಪ್ಪಾಣಿಯ ಕಡೆಯಿಂದಲೂ ಜನ ಬರತೊಡಗಿದರು. ತಂಬಾಕಿನ ಕೆಲಸದ ಹೆಂಗಸರು ಬಸ್ಸಿಳಿದು ಬಂದು ಕುಳಿತು, "ಗುರವ ಮಾಮಾ, ಫೂಲ ಕಧೀ ಪಡಣಾರ?" ಎಂದು ಮರಾಠಿಯಲ್ಲಿ ಅವಸರ ಮಾಡುತ್ತಿದ್ದರು. ಗುರವ ಎಂದರೆ ಪೂಜಾರಿ. ಹೂವು ಯಾವಾಗ ಬೀಳುತ್ತದೆ ಎಂದು ನನ್ನನ್ನು ಕೇಳುತ್ತಿದ್ದರು, ದೇವರನ್ನಲ್ಲ. ನನಗೆ ಅದೂ ಖುಷಿಯೇ ಆಗಿತ್ತು, ಮುಚ್ಚಿಡುವುದೇಕೆ.

ಆ ಹೊತ್ತಿಗೆ ಸಮಿತಿಯವರು ಗುಡಿಯ ಹಿಂದೆ ಅಡುಗೆಮನೆ ಕಟ್ಟಿಸಿದರು. ಕಣಗಲದ ನಾಲ್ಕೂ ಗಿಡ ಹೋದವು. ಮೀರಜ ಮಾರ್ಕೆಟ್ಟಿನಿಂದ ಚೆಂಡು ಹೂವಿನ ಬುಟ್ಟಿ ಬಸ್ಸಿನ ಮೇಲೆ ಬರತೊಡಗಿತು. ಅಪ್ಪ ಇದ್ದಿದ್ದರೆ ಅದನ್ನು ಒಳಗೆ ಬಿಡುತ್ತಿರಲಿಲ್ಲ, ಅವನಿಗೆ ಅದು ಹೊರಗಿನ ಹೂವು. ತೋಟಗಾರಿಕೆಯ ಸಾಹೇಬರೊಬ್ಬರು ಒಮ್ಮೆ ದರ್ಶನಕ್ಕೆ ಬಂದವರು ಅದನ್ನೇ ಹೇಳಿದರು. ಚೆಂಡು ಹೂವು ಸಮುದ್ರದಾಚೆಯ ಮೆಕ್ಸಿಕೋ ಎಂಬ ದೇಶದ್ದಂತೆ, ಪರಂಗಿಯವರ ಹಡಗಿನಲ್ಲಿ ಬಂದದ್ದಂತೆ. ಸುಗಂಧರಾಜನೂ ಅಲ್ಲಿಯದೇ ಅಂತೆ. ದಸರೆಗೆ ಚೆಂಡು ಹೂವಿಲ್ಲದೆ ಬಾಗಿಲಿಗೆ ತೋರಣವಿಲ್ಲ ಎನ್ನುತ್ತೇವಲ್ಲ, ನಮ್ಮ ಮುತ್ತಜ್ಜನ ಮುತ್ತಜ್ಜ ಅದನ್ನು ಕಂಡವನೇ ಅಲ್ಲ. "ಅಲ್ಲಿಯ ಜನ ಅದನ್ನು ಸತ್ತವರಿಗೆ ಇಡುತ್ತಾರೆ ಪೂಜಾರ್ರೆ, ಸತ್ತವರು ವಾಸನೆ ಹಿಡಿದು ಮನೆಗೆ ಬರಲಿ ಅಂತ" ಎಂದರು ಸಾಹೇಬರು. ನಾನು ಕೈಯಲ್ಲಿದ್ದ ಮಾಲೆಯನ್ನು ನೋಡಿದೆ, ಹನಮಪ್ಪನ ಕೊರಳಿಗೆ ಹಾಕಿದೆ. ಬೇರೆ ಹೂವು ಇರಲಿಲ್ಲ.

ಚೆಂಡು ಹೂವು ದಪ್ಪ. ಅಂಟಿಸಿದ ಎರಡು ನಿಮಿಷಕ್ಕೆ ಧೊಪ್ಪೆಂದು ಬೀಳುತ್ತಿತ್ತು. ಪಾಟೀಲರು ಒಂದು ದಿನ ಮೀಸೆಯಲ್ಲೇ ನಕ್ಕು, "ಏನೋ ಬಸಲಿಂಗ, ನಿಮ್ಮಪ್ಪನ ಕಾಲಕ್ಕ ಹನಮಪ್ಪ ಭಾಳ ವಿಚಾರ ಮಾಡ್ತಿದ್ದ. ಈಗೀಗ ಲಗೂ ಲಗೂ ಮಾತಾಡಾಕತ್ತಾನಲ್ಲ" ಎಂದರು. ನಾನೂ ನಕ್ಕೆ. ಶನಿವಾರಕ್ಕೆ ಹತ್ತು ಪ್ರಶ್ನೆ ಇದ್ದದ್ದು ಮೂವತ್ತಾಯಿತು. ಅಪ್ಪ ಮಧ್ಯಾಹ್ನದ ತನಕ ಕೈಕಟ್ಟಿ ನಿಂತು ಕಾಯುತ್ತಿದ್ದದ್ದನ್ನು ನಾನು ಒಂದು ತಾಸಿನಲ್ಲಿ ಮುಗಿಸಿ ಚಹಾ ಕುಡಿಯಲು ಹೋಗುತ್ತಿದ್ದೆ.

ತೊಂಬತ್ತರ ಆಸುಪಾಸಿನ ಒಂದು ಚಳಿಗಾಲದಲ್ಲಿ ಗಂಗವ್ವ ಬಂದಳು. ಒಬ್ಬಳೇ ತಂಗಿ ನನಗೆ. ಅವಳನ್ನು ಕಾಗವಾಡದ ಕಡೆ ಕೊಟ್ಟಿತ್ತು, ಗಂಡ ಮಲ್ಲಪ್ಪ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುತ್ತಿದ್ದ. ಮಲ್ಲಪ್ಪನೂ ಅವನ ತಾಯಿಯೂ ಜೊತೆಗೆ ಬಂದಿದ್ದರು. ಗಂಗವ್ವನ ಎದೆಯಲ್ಲಿ ಗಂಟಾಗಿತ್ತು. ಊರ ಡಾಕ್ಟರು ಮೀರಜಕ್ಕೆ ಕೂಡಲೇ ಹೋಗಿ, ಕೊಯ್ಯಬೇಕಾದೀತು ಎಂದಿದ್ದರಂತೆ. ಅತ್ತೆಗೆ ಮನಸ್ಸಿಲ್ಲ. ಹೆಣ್ಣುಮಗಳ ಎದೆಗೆ ಕತ್ತಿ ಹಾಕಿಸಿ ಮನೆಗೆ ಕರೆದುಕೊಂಡು ಬರುವುದೇ ಎಂದು ಅವಳ ಮಾತು.

"ತಮ್ಮಾ, ನೀನ ಹೂ ಹಚ್ಚು. ಹನಮಪ್ಪ ಹೌದಂದ್ರ ನಾ ಅಡ್ಡ ಬರಾಂಗಿಲ್ಲ, ಇವತ್ತ ಮೀರಜಿಗೆ ಕರಕೊಂಡ ಹೋಗ್ತೀವಿ. ಬ್ಯಾಡಂದ್ರ ಬ್ಯಾಡ" ಎಂದಳು ಆ ಅತ್ತೆ.

"ಆಗಲಿ ಅತ್ತೀ" ಎಂದೆ.

ಎಷ್ಟು ಸರಳ ಕೆಲಸ! ಬೀರಪ್ಪನಿಗೆ ಮಾಡಿದ್ದೆ. ಹೆಸರೇ ಗೊತ್ತಿಲ್ಲದ ನಿಪ್ಪಾಣಿಯ ಹೆಂಗಸರಿಗೆ ಮಾಡಿದ್ದೆ. ಒಂದು ಹೆಬ್ಬೆರಳಿನ ಕೆಲಸ. ಆದರೆ ಆ ಮುಂಜಾನೆ ನನಗೆ ಏನಾಯಿತು ಎಂದು ಇವತ್ತಿಗೂ ಬಡಿದುಕೊಳ್ಳುತ್ತೇನೆ. ಅಂಜಿದೆ. ಇಷ್ಟು ವರ್ಷ ದೇವರ ಹೆಸರಿನಲ್ಲಿ ನಾನೇ ಮಾತಾಡಿದ್ದೇನೆ, ಅದರ ಲೆಕ್ಕ ಅವನು ಇವಳ ಮೈಮೇಲೆ ತೀರಿಸುತ್ತಿದ್ದಾನೆ ಎಂದು ಅನಿಸಿಬಿಟ್ಟಿತು. ಮಂದಿಗೆ ಸುಳ್ಳು ಹೇಳಿದೆ, ಒಡಹುಟ್ಟಿದವಳ ವಿಷಯದಲ್ಲೂ ಸುಳ್ಳು ಹೇಳಿದರೆ ಅವನು ಬಿಟ್ಟಾನೆಯೇ? ಸಾಚಾ ಕೇಳಿದರೆ ಸಾಚಾ ಕೊಡುತ್ತಾನೆ, ನನ್ನ ತಪ್ಪನ್ನೂ ಮಾಫ ಮಾಡುತ್ತಾನೆ. ಹೂವು ಯಾಕೆ ಬೀಳುತ್ತದೆ ಎಂದು ಊರಿನಲ್ಲಿ ಬಲ್ಲವನು ನಾನೊಬ್ಬನೇ ಇದ್ದೆ, ಅಂದು ಅದನ್ನು ನಂಬಲಿಲ್ಲ.

ಚೆಂಡು ಹೂವನ್ನು ಮುಟ್ಟಲಿಲ್ಲ. ಹೊಳೆಯ ದಂಡೆಗೆ ಹೋಗಿ ಒಂದೇ ಗೊಂಚಲಿನಿಂದ ಎರಡು ಕಣಗಲ ಹೂವು ತಂದೆ. ತಣ್ಣೀರು ಸುರಿದುಕೊಂಡೆ. ಅಪ್ಪ ಮಾಡುತ್ತಿದ್ದ ಹಾಗೆ ಎರಡೂ ಭುಜ ಒರೆಸಿ, ಒಂದೇ ಅಳತೆಯ ಸಿಂಧೂರ ಹಚ್ಚಿ, ಹೂವು ಇಟ್ಟು, ಕೈ ಹಿಂದೆ ಕಟ್ಟಿಕೊಂಡು ದೂರ ನಿಂತೆ. ಗಂಗವ್ವ ಸೆರಗು ಹೊದ್ದು ಎದುರಿಗೆ ಕುಳಿತಿದ್ದಳು. ದೇವರ ಕಡೆ ನೋಡಲಿಲ್ಲ. ನನ್ನ ಕಡೆಯೇ ನೋಡುತ್ತಿದ್ದಳು. ಒಮ್ಮೆ ಸಣ್ಣಗೆ ನಕ್ಕಳು ಕೂಡ. ಧೈರ್ಯ ತಂದುಕೊಂಡಿದ್ದಾಳೆ, ಪಾಪ, ಎಂದುಕೊಂಡೆ.

ಬಹಳ ಹೊತ್ತು ಹೋಯಿತು. ಮಲ್ಲಪ್ಪ ಎರಡು ಸಲ ಆಕಳಿಸಿದ. ಎಡಗಡೆಯ ಹೂವು ಬಾಗಿತು. ಎಣ್ಣೆ ಹಾಕಲು ದೀಪ ಅಲ್ಲೇ ಇತ್ತು. ನನ್ನ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡು ನಿಂತಿದ್ದವು. ಎಡಗಡೆಯದು ಬಿತ್ತು.

"ಆತಲ್ಲ. ದೇವರ ಮಾತ ಮುಗೀತು" ಎಂದು ಅತ್ತೆ ಎದ್ದಳು.

ಗಂಗವ್ವ ಕೆಳಗೆ ಬಿದ್ದ ಹೂವನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ಅತ್ತೆಯ ಹಿಂದೆ ಎದ್ದಳು. ಮಧ್ಯಾಹ್ನದ ಬಸ್ಸಿಗೆ ಮೂವರೂ ಕಾಗವಾಡಕ್ಕೆ ಹೊರಟುಹೋದರು. ಸಂಜೆ ಬಾಗಿಲು ಹಾಕಲು ಹೋದಾಗ ಬಲಗಡೆಯ ಹೂವೂ ಕೆಳಗೆ ಬಿದ್ದಿತ್ತು.

ಮರುದಿನವೇ ಹೋಗಿ, "ಅತ್ತೀ, ಆ ಹೂವಿಂದ ಏನಿಲ್ಲ, ನಡೀರಿ ಮೀರಜಿಗೆ" ಎನ್ನಬಹುದಿತ್ತು. ಹೋಗಲಿಲ್ಲ. ಹಾಗೆ ಹೇಳಿದರೆ ಬೀರಪ್ಪನಿಗೆ ಏನು ಹೇಳಲಿ, ಶನಿವಾರ ಬಂದು ಕೂರುವ ಮೂವತ್ತು ಜನಕ್ಕೆ ಏನು ಹೇಳಲಿ, ಪಾಟೀಲರಿಗೆ ಏನು ಮುಖ ತೋರಿಸಲಿ? ಅಷ್ಟೇ ಅಲ್ಲ, ದೇವರು ಬೇಡ ಎಂದಿದ್ದಾನೆ ಎಂದರೆ ಅವನೇ ವಾಸಿ ಮಾಡುತ್ತಾನೆ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಇಪ್ಪತ್ತೊಂದು ಶನಿವಾರ ಎಕ್ಕಿಯ ಮಾಲೆ ಹಾಕುತ್ತೇನೆ ಎಂದು ಹರಕೆ ಹೊತ್ತೆ. ಕೈ ಸುಟ್ಟುಕೊಳ್ಳುವ ಹಾಗೆ ಎಕ್ಕಿಯ ಹಾಲು ಮೆತ್ತಿಸಿಕೊಂಡು ಒಬ್ಬನೇ ಮಾಲೆ ಕಟ್ಟಿದೆ. ನಾನು ಇಲ್ಲಿ ಶನಿವಾರ ಎಣಿಸುತ್ತಿದ್ದೆ, ಗಂಟು ಅಲ್ಲಿ ಬೆಳೆಯುತ್ತಿತ್ತು. ಹದಿನಾರನೆಯ ಮಾಲೆ ಹಾಕಿದ ವಾರ ಮಲ್ಲಪ್ಪ ಬಂದು, "ಆಕಿ ಏಳಾಕ ಒಲ್ಲಳು" ಎಂದ.

ಆಗ ಮೀರಜಕ್ಕೆ ಒಯ್ದೆವು, ಯಾವ ಹೂವನ್ನೂ ಕೇಳದೆ. ಡಾಕ್ಟರು ಪರೀಕ್ಷೆ ಮಾಡಿ ಮರಾಠಿಯಲ್ಲಿ, ಇಷ್ಟು ತಡ ಯಾಕೆ ಮಾಡಿದಿರಿ ಎಂದು ಕೇಳಿದರು. ಅತ್ತೆ ಕನ್ನಡದಲ್ಲಿ, "ಹೂ ಆಗಲಿಲ್ಲರಿ ಸಾಹೇಬ್ರ" ಎಂದಳು. ಅವರಿಗೆ ತಿಳಿಯಲಿಲ್ಲ. ಏನು ಹೇಳುತ್ತಿದ್ದಾಳೆ ಎಂದು ನನ್ನ ಕಡೆ ತಿರುಗಿದರು. ಎರಡೂ ಭಾಷೆ ಬಲ್ಲವನು ನಾನೊಬ್ಬನೇ. ಹೊಲದ ಕೆಲಸ ಇತ್ತಂತೆ ಎಂದೆ. ಡಾಕ್ಟರು ತಲೆ ಅಲ್ಲಾಡಿಸಿ ಮನೆಗೆ ಕರೆದುಕೊಂಡು ಹೋಗಿ ಎಂದರು.

ಗಂಗವ್ವ ಮಳೆಗಾಲದ ಮೊದಲೇ ಹೋದಳು. ಮುತ್ತೈದೆಯಾಗಿ ಹೋದಳೆಂದು ಅವಳ ತಲೆತುಂಬ ಮಲ್ಲಿಗೆ ಮುಡಿಸಿದರು. ಆ ಮಲ್ಲಿಗೆಯನ್ನು ಕಟ್ಟಿದವನು ನಾನು, ಬೇರೆ ಯಾರ ಕೈಗೂ ಕೊಡಲಿಲ್ಲ.

ವರ್ಷ ತುಂಬುವ ಮೊದಲು ಅತ್ತೆ, ಮಗನನ್ನು ಕರೆದುಕೊಂಡು ಮತ್ತೆ ಗುಡಿಗೆ ಬಂದಳು. ಮಲ್ಲಪ್ಪನಿಗೆ ಎರಡನೆಯ ಸಂಬಂಧ ನೋಡಿದ್ದರು, ಮಾಡಲೋ ಬೇಡವೋ ಎಂದು ಹೂ ಕೇಳಬೇಕಿತ್ತು. ನನ್ನ ಹತ್ತಿರವೇ! ಹೊರಗೆ ಹೋಗಿ ಎಂದು ಕೂಗಬೇಕೆನಿಸಿತು. ಆದರೆ ಗಂಗವ್ವನ ಮಗಳಿಗೆ ಆಗ ನಾಲ್ಕು ವರ್ಷ, ಅದರ ತಲೆ ಬಾಚುವವರಿರಲಿಲ್ಲ. ಚೆಂಡು ಹೂವು ತೆಗೆದುಕೊಂಡು ಹಚ್ಚಿದೆ, ಬಲಗಡೆಯದನ್ನು ಹೆಬ್ಬೆರಳಿನಿಂದ ಬೀಳಿಸಿದೆ. ಅತ್ತೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

ಅದಾದ ಮೇಲಾದರೂ ಕೆಲಸ ಬಿಟ್ಟೆಯಾ ಎಂದು ಕೇಳುತ್ತೀರಿ. ಬಿಡಲಿಲ್ಲ. ಬೇರೆ ಕೆಲಸ ಬರುತ್ತಿರಲಿಲ್ಲ. ದವಾಖಾನೆಯ ಪ್ರಶ್ನೆಗಳನ್ನು ಬಲಕ್ಕೆ ಬೀಳಿಸುತ್ತಲೇ ಹೋದೆ, ಜನ ಉಳಿದರು, ಕಾಲಿಗೆ ಬಿದ್ದರು. ಅವರನ್ನು ಕಂಡರೆ ಸಂತೋಷವಾಗುತ್ತಿರಲಿಲ್ಲ, ಅವರ ಮೇಲೆ ಸಿಟ್ಟೇ ಬರುತ್ತಿತ್ತು. ನಿನಗೆ ಬೀಳಿಸಿದೆ, ನೀನು ಯಾರು ನನಗೆ ಎಂದು. ಇಂಥ ಮನಸ್ಸಿಟ್ಟುಕೊಂಡು ಗರ್ಭಗುಡಿಯಲ್ಲಿ ನಿಲ್ಲುವುದಕ್ಕಿಂತ ಹೊಲಸು ಕೆಲಸ ಇನ್ನೊಂದಿಲ್ಲ. ಹೊಸ ಪೂಜಾರಿಗೆ ಇದನ್ನೂ ತಿಳಿಸಬೇಕಿ‍ತ್ತು.

ಒಂದು ಮಾತು ಉಳಿದಿದೆ. ಹೆಂಡತಿಗೂ ಹೇಳಿದವನಲ್ಲ.

ಮೀರಜದಿಂದ ಕರೆದುಕೊಂಡು ಬಂದ ಮೇಲೆ, ಅವಳು ತೀರಿಹೋಗುವ ಎಂಟು ದಿನ ಮೊದಲು, ಗಂಗವ್ವನನ್ನು ನೋಡಲು ಕಾಗವಾಡಕ್ಕೆ ಹೋಗಿದ್ದೆ. ಮಧ್ಯಾಹ್ನ. ಮನೆಯವರೆಲ್ಲ ತೋಟಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಮಲಗಿದ್ದಳು, ಅರ್ಧ ಆಗಿದ್ದಳು. ನಾನು ಗಾಳಿ ಹಾಕುತ್ತ ಕುಳಿತೆ.

"ಅಣ್ಣಾ, ಒಂದ ಕೇಳ್ತೀನಿ. ಖರೇ ಹೇಳಬೇಕ ಮತ್ತ."

"ಕೇಳವಾ."

"ಅವತ್ತ ಬೀರಪ್ಪನ ಹೂ ನೀನ ಬೀಳಿಸಿದ್ದಿ. ನಾ ಕಂಬದ ಹತ್ರ ಕುಂತಿದ್ದೆ, ನಿನ್ನ ಹೆಬ್ಬಟ್ಟ ನೋಡೀನಿ."

ನನ್ನ ಕೈಯ ಬೀಸಣಿಗೆ ನಿಂತಿತು. ಅವಳು ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು.

"ಅತ್ತಿಗೆ ಹೂ ಕೇಳೂನು ನಡೀರಿ ಅಂತ ಹೇಳಿದಾಕಿ ನಾನ. ಮುದಕಿ ಯಾರ ಮಾತೂ ಕೇಳಾಂಗಿಲ್ಲ, ಹೂವಿನ ಮಾತ ಕೇಳ್ತಾಳ. ನಮ್ಮಣ್ಣ ಅದಾನಲ್ಲ, ಬಲಕ್ಕ ಬೀಳಸ್ತಾನ, ಮೀರಜಿಗೆ ಹೋಗಾಕ ಸಿಗತೈತಿ ಅಂತ ಬಂದಿದ್ದೆ."

"ಗಂಗೀ..."

"ತಡೀ. ಎಡಕ್ಕ ಬಿತ್ತಲ್ಲ, ಆಗ ತಿಳಕೊಂಡೆ. ಅಣ್ಣ ದಿನಾ ನೂರ ಜಡ್ಡಿನ ಮಂದಿನ್ನ ನೋಡ್ತಾನ. ನನ್ನ ಮಾರಿ ನೋಡಿದ ಕೂಡಲೇ ಇದು ಉಳಿಯು ಜಡ್ಡ ಅಲ್ಲಂತ ಅವಗ ಗೊತ್ತಾಗೇತಿ. ಸುಮ್ಮ ಯಾಕ ಕೊಯಿಸಿ ತ್ರಾಸ ಕೊಡೂದು ಅಂತ ಬೇಕಂತ ಎಡಕ್ಕ ಬೀಳಿಸ್ಯಾನ. ಅದಕ್ಕ ನಾ ಜಗಳಾ ತಗೀಲಿಲ್ಲ. ಹೌದಿಲ್ಲೋ? ಹಂಗ ಅಲ್ಲೇನು?"

ಹೌದು ಎಂದಿದ್ದರೆ ಅವಳು ನೆಮ್ಮದಿಯಿಂದ ಕಣ್ಣು ಮುಚ್ಚುತ್ತಿದ್ದಳು. ಅಷ್ಟು ವರ್ಷ ಮಂದಿಗೆಲ್ಲ ಸುಳ್ಳು ಹೇಳಿದ ಬಾಯಿಗೆ, ಬೇಕಾದಾಗ ಸುಳ್ಳು ಬರಲಿಲ್ಲ.

"ಇಲ್ಲ ತಂಗೀ" ಎಂದೆ. "ನಾ ಬೀಳಿಸಲಿಲ್ಲ. ಕೈ ಹಚ್ಚಲೇ ಇಲ್ಲ. ಅದು ತಾನ ಬಿತ್ತು."

ಅವಳು ತಲೆಯನ್ನು ನನ್ನ ಕಡೆ ಹೊರಳಿಸಿದಳು.

"ಹಂಗಾರ ನೀ ಸುಮ್ಮ ನಿಂತಿದ್ದೇನು?"

ಹೌದು ಎಂದೆ.